ಮನೆಯಲ್ಲೇ ಆಯಿಲ್ ಬದಲಿ ಮಾಡಿದ ಮೇಲೆ ಇಂಜಿನ್‌ನಿಂದ ಎರಡು ಥರದ ಸಪ್ಪಳ – ಸ್ವಿಫ್ಟ್ ಪೆಟ್ರೋಲ್ 2015

ನವನಗರ_ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ಗಾಡಿ 2015ರ ಸ್ವಿಫ್ಟ್ ಪೆಟ್ರೋಲ್, 1.2 ಕೆ-ಸೀರೀಸ್ ಇಂಜಿನ್, 78 ಸಾವಿರ ಕಿ.ಮೀ. ಆಗಿದೆ. ಹೋದ ರವಿವಾರ ಹುಬ್ಬಳ್ಳಿ ನವನಗರದ ಮನೆ ಮುಂದೆಯೇ ಆಯಿಲ್, ಫಿಲ್ಟರ್ ಎರಡೂ ಬದಲಿ ಮಾಡಿದೆ. ಅದಕ್ಕೂ ಮೊದಲು ಯಾವ ಸಪ್ಪಳವೂ ಇರಲಿಲ್ಲ.

ಹಾಕಿದ್ದು: 5ಡಬ್ಲ್ಯೂ-30, ಎಪಿಐ ಎಸ್‌ಎನ್ ಗ್ರೇಡ್, 3.5 ಲೀಟರ್ ಡಬ್ಬಿ, ಪೂರ್ತಿ ಸುರಿದಿದ್ದೇನೆ. ಫಿಲ್ಟರ್ ಪೇಟೆಯಲ್ಲಿ ಸಿಕ್ಕ ಹೊರಗಿನ ಮಾಲು, ಕಂಪನಿಯದಲ್ಲ. ಡ್ರೇನ್ ಬೋಲ್ಟ್‌ಗೆ ಹೊಸ ವಾಷರ್. ಮುಂದಿನ ಎರಡೂ ಗಾಲಿ ಎತ್ತಿ ಸ್ಟ್ಯಾಂಡ್ ಕೊಟ್ಟಿದ್ದೆ. ಬಂಪರ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ಮತ್ತೆ ಕೂರಿಸಿದೆ.

ಈಗಿನ ಸಪ್ಪಳ ಎರಡು. ಒಂದು, ಮುಂಜಾನೆ ಮೊದಲನೇ ಸಲ ಸೆಲ್ಫ್ ಹೊಡೆದಾಗ ಫ್ಯಾನ್ ಬೆಲ್ಟ್ ಇರುವ ಬದಿಯಿಂದ ಖಡಖಡ ಅಂತ ಮೂರ್ನಾಲ್ಕು ಸೆಕೆಂಡು. ತಾನಾಗೇ ನಿಲ್ಲುತ್ತದೆ, ಆಮೇಲೆ ದಿನವಿಡೀ ಇಲ್ಲ. ಇನ್ನೊಂದು, ಓಡಿಸುವಾಗ 2000 ಆರ್‌ಪಿಎಂ ಆಸುಪಾಸಿನಲ್ಲಿ ಜರ್ರ್ ಅಂತ ತಗಡು ನಡುಗಿದ ಸಪ್ಪಳ. 2500 ದಾಟಿದರೆ ಮಾಯ.

ಆಯಿಲ್ ದೀಪ ಆರುತ್ತದೆ, ಚೆಕ್ ಇಂಜಿನ್ ದೀಪ ಹತ್ತಿಲ್ಲ. ಪರಿಚಯದವರೊಬ್ಬರು "ಟ್ಯಾಪೆಟ್ಟಿಗೆ (ವಾಲ್ವ್ ಒತ್ತುವ ಭಾಗ) ಗಾಳಿ ಹೊಕ್ಕಿದೆ, ನೂರು ಕಿಲೋಮೀಟರ್ ಓಡಿಸು, ತಾನೇ ಹೋಗುತ್ತೆ" ಅಂದರು. ಶುಕ್ರವಾರ ಗದಗಿಗೆ ಹೋಗುವುದಿದೆ. ಓಡಿಸಬಹುದಾ?

---

ಪಾನಾಪೆಟ್ಟಿಗೆ

ಗದಗ ಆಮ್ಯಾಲ ನೋಡೂಣು, ಮೊದಲ ಡಿಪ್‌ಸ್ಟಿಕ್ (ಆಯಿಲ್ ಅಳಿಯೂ ಕಡ್ಡಿ) ತಗೀರಿ ಸರ. 3.5 ಲೀಟರ್ ಪೂರ್ತಿ ಸುರಿದೀನಿ ಅಂತ ಬರದೀರಿ, ಗುಮಾನಿ ಅಲ್ಲೇ ಬಂತು. ಈ ಇಂಜಿನ್‌ಗೆ ಫಿಲ್ಟರ್ ಸಮೇತ ಬೇಕಾಗೂದು 3 ಲೀಟರ್‌ಕಿಂತ ಸ್ವಲ್ಪ ಮ್ಯಾಲ, ಅಷ್ಟ. ಅದರಾಗ ಮುಂದಿನ ಗಾಲಿ ಎತ್ತಿ ಇಳಿಸಿದರ ಹಳೇ ಆಯಿಲ್ ಚೇಂಬರ್‌ನ್ಯಾಗ (ಇಂಜಿನ್ ತಳದ ಆಯಿಲ್ ತೊಟ್ಟಿ) ಒಂದಿಷ್ಟು ಉಳದs ಉಳಿತೈತಿ. ಅದರ ಮ್ಯಾಲ ಪೂರಾ ಡಬ್ಬಿ ಅಂದ್ರ ಲೆವೆಲ್ ಖಂಡಿತ ಮ್ಯಾಲ ಹೋಗಿರತೈತಿ. ಡಬ್ಬಿ ಅಳತಿ ಕಂಪನಿಯವರ ಮಾರಾಟಕ್ಕ ಮಾಡಿದ್ದು, ನಿಮ್ಮ ಇಂಜಿನ್ ನೋಡಿ ಮಾಡಿದ್ದಲ್ಲ.

ನೋಡೂ ರೀತಿ: ಗಾಡಿ ಸಪಾಟ ಜಾಗದಾಗ ಇರಬೇಕು. ಮನಿ ಮುಂದಿನ ರಸ್ತೆ ಗಟಾರದ ಕಡೆ ಇಳಕಲ ಇರತೈತಿ, ಅಲ್ಲಿ ಬ್ಯಾಡ. ಪೆಟ್ರೋಲ್ ಬಂಕಿನ ಹವಾ ಹಾಕೂ ಜಾಗ ಛಲೋ. ಇಂಜಿನ್ ಬಿಸಿ ಆದ ಮ್ಯಾಲ ಬಂದ್ ಮಾಡಿ ಐದರಿಂದ ಹತ್ತು ನಿಮಿಷ ಬಿಡ್ರಿ. ಕಡ್ಡಿ ತಗದು ಒರಸಿ, ಪೂರ್ತಿ ಒಳಗ ಹಾಕಿ ಮತ್ತ ತಗೀರಿ. ಮೊದಲ ಸಲದ ಗುರುತು ನಂಬಬ್ಯಾಡ್ರಿ, ಪೈಪಿನ ಗ್ವಾಡಿಗೆ ಹತ್ತಿದ ಆಯಿಲ್ ಅದರ ಮ್ಯಾಲ ಬಂದಿರತೈತಿ. ಎರಡೂ ಬದಿ ನೋಡಿ, ಯಾವ ಬದಿ ಕಡಿಮಿ ತೋರಸ್ತೈತಿ ಅದನ್ನ ಹಿಡೀರಿ.

ಮ್ಯಾಲಿನ ಗುರುತಿಗಿಂತ ಒಂದೆರಡು ಮಿಲಿಮೀಟರ್ ಮ್ಯಾಲ ಇದ್ದರ ಏನೂ ಆಗೂದಿಲ್ಲ. ಬೆರಳ ಅಗಲ ಇದ್ದರ ತಗೀಬೇಕು. ಹೆಚ್ಚಾದ ಆಯಿಲ್‌ನ್ಯಾಗ ಕ್ರ್ಯಾಂಕ್ (ಪಿಸ್ಟನ್ ತಿರಗಿಸೂ ದಂಡ) ತಿರಗಿ ಮಜ್ಜಿಗಿ ಕಡದಂಗ ನೊರಿ ಏಳತೈತಿ. ಪಂಪು ಆ ನೊರಿ ಎಳಕೊಂಡ್ರ ಪ್ರೆಶರ್ ಕುಂದತೈತಿ. ಹೆದ್ದಾರಿ ಮ್ಯಾಲ ಗಂಟೆಗಟ್ಟಲೆ ಒಂದ ಸ್ಪೀಡಿನ್ಯಾಗ ಓಡಿಸಿದಾಗ ಇದು ಜೋರಾಗತೈತಿ, ಊರೊಳಗ ಗೊತ್ತs ಆಗೂದಿಲ್ಲ. ಉಳಿದದ್ದು ಬ್ರೀದರ್ ಪೈಪಿನಿಂದ (ಇಂಜಿನ್ ಒಳಗಿನ ಹವಾ ಹೋಗೂ ಹಾದಿ) ಹಾದು ಇಂಜಿನ್ ಒಳಗ ಸುಟ್ಟು ನೀಲಿ ಹೊಗಿ.

ತಗಿಯಾಕ ಡ್ರೇನ್ ಬೋಲ್ಟ್ ಸಡ್ಲ ಮಾಡಾಕ ಹೋಗಬ್ಯಾಡ್ರಿ, ಕೈ ಜಾರಿದರ ಪೂರಾ ಆಯಿಲ್ ನೆಲದ ಮ್ಯಾಲ. ಔಷಧ ಅಂಗಡ್ಯಾಗ 50 ಎಂಎಲ್ ಸಿರಿಂಜು, ಸಲೈನ್ ಹಚ್ಚೂ ಸಪೂರ ಪೈಪು ಸಿಗತೈತಿ. ಡಿಪ್‌ಸ್ಟಿಕ್ ಹಾದಿಯಾಗ ಪೈಪ್ ಬಿಟ್ಟು ಎಳೀರಿ. ಆಯಿಲ್ ಬೆಚ್ಚಗ ಇರಬೇಕು, ತಣ್ಣಗಿದ್ದರ ಸಿರಿಂಜಿನ ಕೊನಿ ಕಿತ್ತು ಬರತೈತಿ, ಭಾಳ ಬಿಸಿ ಇದ್ದರ ಪೈಪ್ ಮೆತ್ತಗಾಗತೈತಿ. ಪೈಪಿನ ಉದ್ದ ಡಿಪ್‌ಸ್ಟಿಕ್ ಉದ್ದಕ್ಕ ಅಳದು ಮಾರ್ಕ್ ಮಾಡಕೋರಿ. ನಾಕ ಸಿರಿಂಜ್ ತಗದು ಒಮ್ಮೆ ನೋಡ್ರಿ, ಮತ್ತ ನಾಕ. ಮ್ಯಾಲಿನ ಗುರುತಿನಿಂದ ಒಂದು ನೂಲು ಕೆಳಗ ಬಂದ್ರ ಸಾಕು.

ಎರಡನೇ ಸಪ್ಪಳ, ಆ ಜರ್ರ್ ಅನ್ನೂದು, ನನ್ನ ಪ್ರಕಾರ ಇಂಜಿನ್ ಒಳಗಿಂದs ಅಲ್ಲ. ಒಂದ ಆರ್‌ಪಿಎಂಗೆ ಬಂದು ಮುಂದ ಹೋಗೂದು ಅಂದ್ರ ಯಾವದೋ ತಗಡು, ಪ್ಲಾಸ್ಟಿಕ್ ಆ ವೇಗಕ್ಕ ತಾಳ ಹಿಡೀತೈತಿ. ಬೇರಿಂಗ್, ಚೈನ್ ಸಪ್ಪಳ ಆರ್‌ಪಿಎಂ ಏರಿದಂಗ ಏರತೈತಿ, ನಡುವ ಮಾಯ ಆಗೂದಿಲ್ಲ. ನೀವು ಬಿಚ್ಚಿ ಹಾಕಿದ್ದು ಯಾವದು? ಕೆಳಗಿನ ಕವರ್. ಮೊದಲ ಅದನ್ನ ಹಿಡೀರಿ. ಇಂಜಿನ್ ಬಂದ್ ಇದ್ದಾಗ, ಸೈಲೆನ್ಸರ್ ತಣ್ಣಗ ಆದ ಮ್ಯಾಲ, ಮುಷ್ಟಿಲೆ ಕವರ್, ಸೈಲೆನ್ಸರ್ ಮ್ಯಾಲಿನ ಹೀಟ್ ಶೀಲ್ಡ್ (ಬಿಸಿ ತಡಿಯೂ ತಗಡು), ಕೆಳಗ ಹಾಕಿಸಿದ ಗಾರ್ಡ್ ಇದ್ದರ ಅದು, ಒಂದೊಂದ ಬಡೀರಿ. ಅದs ಧ್ವನಿ ಬಂದ್ರ ಸಿಕ್ಕಂಗ. ಬರಲಿಲ್ಲಂದ್ರ ಒಬ್ಬರ ಕೈಲೆ ನ್ಯೂಟ್ರಲ್‌ನ್ಯಾಗ 2000 ರೇಸ್ ಹಿಡಿಸಿ ಮ್ಯಾಲಿಂದ ಉದ್ದಂದು ಕಟಗಿ ತುಂಡಿಲೆ ಶೀಲ್ಡ್ ಒತ್ತಿ ನೋಡ್ರಿ. ಜಾಕ್ ಮ್ಯಾಲ ಗಾಡಿ ಇದ್ದಾಗ ಇಂಜಿನ್ ಚಾಲೂ ಮಾಡಿ ಕೆಳಗ ಹೋಗಬ್ಯಾಡ್ರಿ. ಕವರಿನ ಕ್ಲಿಪ್ಪು ಒಮ್ಮೆ ಕಿತ್ತರ ಮತ್ತ ಹಲ್ಲು ಹಿಡಿಯೂದಿಲ್ಲ, ಹೊಸಾವು ಹಾಕ್ರಿ. ಹೀಟ್ ಶೀಲ್ಡ್ ಬೋಲ್ಟ್ ತುಕ್ಕು ಹಿಡದು ತೂತು ದೊಡ್ಡದಾಗಿದ್ದರ ದೊಡ್ಡ ವಾಷರ್ ಕೊಟ್ಟು ಬಿಗೀರಿ, ಇಲ್ಲಾ ಉದ್ದನ್ನ ಸ್ಟೀಲ್ ಹೋಸ್ ಕ್ಲಿಪ್ ಸುತ್ತಿ ಜಗ್ರಿ.

---

ಸಪ್ತಾಪುರ_ಟಾರ್ಕ್

ಪಾನಾಪೆಟ್ಟಿಗೆಯವರು ಎರಡನೆಯದನ್ನು ಮುಗಿಸಿದ್ದಾರೆ, ನಾನು ಮೊದಲನೆಯದಕ್ಕೆ ಬರುತ್ತೇನೆ.

"ಟ್ಯಾಪೆಟ್ಟಿಗೆ ಗಾಳಿ ಹೊಕ್ಕಿದೆ" ಎನ್ನುವ ಮಾತು ಹೈಡ್ರಾಲಿಕ್ ಟ್ಯಾಪೆಟ್ ಇರುವ ಇಂಜಿನ್‌ಗಳಿಗೆ ಸರಿ. ಅಲ್ಲಿ ಆಯಿಲ್ ಬದಲಿಸಿದ ಮೇಲೆ ಸ್ವಲ್ಪ ಹೊತ್ತು ಟಕ್‌ಟಕ್ ಬಂದು ತಾನೇ ಹೋಗುವುದುಂಟು. ನಿಮ್ಮ ಇಂಜಿನ್‌ನಲ್ಲಿರುವುದು ಲೋಟದ ಆಕಾರದ ಗಟ್ಟಿ ಟ್ಯಾಪೆಟ್. ಒಳಗೆ ಆಯಿಲ್ ತುಂಬುವ ಕೋಣೆಯೇ ಇಲ್ಲ, ಗಾಳಿ ಎಲ್ಲಿ ಹೊಗಬೇಕು? ಅದರ ಗ್ಯಾಪ್ ಹೆಚ್ಚಾದರೆ ಬೇರೆ ದಪ್ಪದ ಟ್ಯಾಪೆಟ್ ಹಾಕಿಯೇ ಸರಿ ಮಾಡಬೇಕು, ಮತ್ತು ಆ ಸಪ್ಪಳ ಮೂರು ಸೆಕೆಂಡಿಗೆ ನಿಲ್ಲುವಂಥದ್ದಲ್ಲ. ಹಾಗಾಗಿ ನೂರು ಕಿಲೋಮೀಟರ್ ಓಡಿಸುವ ಸಲಹೆಯನ್ನು ಬಿಟ್ಟುಬಿಡಿ.

ಬೆಲ್ಟ್ ಇರುವ ಬದಿಯಲ್ಲೇ ಟೈಮಿಂಗ್ ಚೈನ್ (ಕ್ರ್ಯಾಂಕ್‌ನಿಂದ ವಾಲ್ವ್‌ಗಳನ್ನು ನಡೆಸುವ ಸರಪಳಿ) ಇದೆ. ಚೈನ್ ಸಡಿಲಾಗದಂತೆ ಒತ್ತಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆ ಒತ್ತಡ ಬರುವವರೆಗೆ ಚೈನ್ ಗೈಡಿಗೆ ಬಡಿಯುತ್ತದೆ. ಒತ್ತಡ ಬಂದ ಕೂಡಲೇ ಮೌನ. ಒಂದು ಸೆಕೆಂಡ್ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಮೂರ್ನಾಲ್ಕು ಸೆಕೆಂಡ್ ಅಂದರೆ ಆಯಿಲ್ ಬಹಳ ದೂರದಿಂದ ಬರುತ್ತಿದೆ ಎಂದರ್ಥ. ಫಿಲ್ಟರ್ ಬದಲಿಸಿದ ದಿನದ ಮೊದಲ ಸ್ಟಾರ್ಟ್‌ನಲ್ಲಿ ಹೀಗಾಗುವುದು ಸಹಜ, ಖಾಲಿ ಫಿಲ್ಟರ್ ತುಂಬಬೇಕಲ್ಲ. ದಿನಾ ಮುಂಜಾನೆ ಹಾಗಾದರೆ ಫಿಲ್ಟರ್ ದಿನಾ ರಾತ್ರಿ ಖಾಲಿಯಾಗುತ್ತಿದೆ.

ಫಿಲ್ಟರಿನ ಮುಖದಲ್ಲಿ ಸುತ್ತ ಸಣ್ಣ ತೂತುಗಳು, ನಡುವೆ ಚೂಡಿ ಇರುವ ದೊಡ್ಡ ತೂತು. ಆಯಿಲ್ ಸುತ್ತಲ ತೂತುಗಳಿಂದ ಒಳಗೆ ಹೋಗಿ, ಕಾಗದ ದಾಟಿ, ನಡುವಿನಿಂದ ಹೊರಬರುತ್ತದೆ. ಆ ಸಣ್ಣ ತೂತುಗಳ ಹಿಂದೆ ರಬ್ಬರಿನ ಒಂದು ಬಿಲ್ಲೆ ಕೂತಿರುತ್ತದೆ. ಇಂಜಿನ್ ನಿಂತಾಗ ಆಯಿಲ್ ವಾಪಸ್ ಚೇಂಬರ್‌ಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಅಗ್ಗದ ಫಿಲ್ಟರ್‌ಗಳಲ್ಲಿ ಈ ರಬ್ಬರ್ ಬಿರುಸಾಗಿರುತ್ತದೆ, ಸೊಟ್ಟ ಕೂತಿರುತ್ತದೆ, ನಕಲಿ ಮಾಲಿನಲ್ಲಿ ಇರುವುದೇ ಇಲ್ಲ. ಹೊರಗಿನ ಬಣ್ಣ, ಡಬ್ಬಿ ನೋಡಿ ಇದು ಗೊತ್ತಾಗುವುದಿಲ್ಲ.

ಪರೀಕ್ಷೆ ಅಂಗಡಿಯಲ್ಲಿ ನಿಂತೇ ಮಾಡಬಹುದು. ಸಣ್ಣ ತೂತಿನಲ್ಲಿ ಇಣುಕಿದರೆ ರಬ್ಬರ್ ಕಾಣಬೇಕು. ಮೊಂಡು ಕಡ್ಡಿಯಿಂದ ಒತ್ತಿದರೆ ಬಾಗಿ, ಬಿಟ್ಟ ಕೂಡಲೇ ತನ್ನ ಜಾಗಕ್ಕೆ ಮರಳಬೇಕು. ಆಮೇಲೆ ನಡುವಿನ ತೂತಿಗೆ ಶುದ್ಧ ಪೈಪ್ ಬಿಗಿಯಾಗಿ ಹಿಡಿದು ಬಾಯಿಂದ ಊದಿ. ಒಳ್ಳೆಯ ಫಿಲ್ಟರ್‌ನಲ್ಲಿ ಗಾಳಿ ಸುತ್ತಲ ತೂತುಗಳಿಂದ ಬರಬಾರದು, ಕಟ್ಟಿಕೊಳ್ಳಬೇಕು. ಸಲೀಸಾಗಿ ಬಂದರೆ ರಬ್ಬರ್ ಇಲ್ಲ ಅಥವಾ ಕೂತಿಲ್ಲ. ಅಂಗಡಿಯವರು ಮುಖ ಸಿಂಡರಿಸಬಹುದು, ಸಿಂಡರಿಸಲಿ.

ಫಿಲ್ಟರ್ ಬದಲಿಸಿ ನೋಡಿ. ಅದಾದ ಮೇಲೂ ಖಡಖಡ ಹಾಗೇ ಇದ್ದರೆ ಮಾತ್ರ ಟೆನ್ಷನರ್, ಚೈನ್ ಮೇಲೆ ಸಂಶಯ ಪಡಿ. ಚೈನ್ ಹಿಗ್ಗಿದ್ದರೆ ಸ್ಕ್ಯಾನರ್‌ನಲ್ಲಿ ಕ್ರ್ಯಾಂಕ್-ಕ್ಯಾಮ್ (ಕ್ಯಾಮ್ ಅಂದರೆ ವಾಲ್ವ್ ತೆರೆಯುವ ದಂಡ) ತಾಳ ತಪ್ಪಿದ ಪಿ0016 ಕೋಡ್ ಬರುವುದುಂಟು.

---

ಬೆಟಗೇರಿ_ರೋಡ್

ಇಷ್ಟೆಲ್ಲಾ ಯಾಕ್ರೀ? ನಮ್ಮ ಕಡೆ ಬ್ಯಾಸಗಿಗೆ 40 ಡಿಗ್ರಿ ಹತ್ರ ಹೋಗತೈತಿ. 5ಡಬ್ಲ್ಯೂ-30 ನೀರಿನಂಗ ಇರತೈತಿ. 20ಡಬ್ಲ್ಯೂ-50 ಹಾಕಿಬಿಟ್ಟರ ಸಪ್ಪಳ ಬಂದ್. ಹಳೇ ಟ್ಯಾಕ್ಸಿಗಳೆಲ್ಲಾ ಅದರ ಮ್ಯಾಲs ಓಡ್ಯಾವ.

---

ಸಪ್ತಾಪುರ_ಟಾರ್ಕ್

ಹೊರಗೆ 40 ಇರಲಿ, 15 ಇರಲಿ, ಬಿಸಿಯಾದ ಇಂಜಿನ್ ಒಳಗೆ ನೀರಿನ ಉಷ್ಣತೆಯನ್ನು ಥರ್ಮೋಸ್ಟಾಟ್ ಹಿಡಿದಿಟ್ಟಿರುತ್ತದೆ. ಆಯಿಲ್ ಬಿಸಿಯೂ ಅದರ ಆಸುಪಾಸಿನಲ್ಲೇ, ಹೆದ್ದಾರಿಯಲ್ಲಿ ಸ್ವಲ್ಪ ಮೇಲೆ. ಗದಗಿನ ಬಿಸಿಲು ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಡಬ್ಬಿ ಮೇಲಿನ ಎರಡನೇ ಅಂಕಿ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದ ಅನ್ನುವುದನ್ನು ಹೇಳುತ್ತದೆ. ಡಬ್ಲ್ಯೂ ಹಿಂದಿನ ಅಂಕಿ ತಣ್ಣಗಿದ್ದಾಗಿನ ಹರಿವು. ಈ ಗಾಡಿಯ ತೊಂದರೆ ಇರುವುದೇ ತಣ್ಣಗಿನ ಸ್ಟಾರ್ಟ್‌ನಲ್ಲಿ. ಅಲ್ಲಿಗೆ ಮಂದ ಆಯಿಲ್ ಹಾಕಿದರೆ ಟೆನ್ಷನರ್ ಮುಟ್ಟುವುದು ಇನ್ನೂ ತಡ, ಖಡಖಡ ಇನ್ನೂ ಉದ್ದ.

ಇನ್ನೊಂದು, ಈ ಇಂಜಿನ್‌ನಲ್ಲಿ ವಾಲ್ವ್ ಟೈಮಿಂಗ್ ಹಿಂದೆ ಮುಂದೆ ಮಾಡುವ ವ್ಯವಸ್ಥೆ ಇದೆ, ಅದೂ ಆಯಿಲ್ ಒತ್ತಡದ ಮೇಲೆಯೇ ನಡೆಯುವುದು. ದಾರಿ ಬಹಳ ಸಣ್ಣದು. ಹಳೇ ಟ್ಯಾಕ್ಸಿ ಇಂಜಿನ್‌ಗಳಲ್ಲಿ ಅದು ಇರಲಿಲ್ಲ, ಬೇರಿಂಗ್ ಗ್ಯಾಪೂ ದೊಡ್ಡದಿತ್ತು, ಅವಕ್ಕೆ ನಡೆಯಿತು. ಸವೆದ ಬೇರಿಂಗ್ ಇರುವ ಗಾಡಿಯಲ್ಲಿ ಮಂದ ಆಯಿಲ್ ಸಪ್ಪಳವನ್ನು ಮುಚ್ಚುತ್ತದೆ ಅನ್ನುವುದು ನಿಜ. ಮಾರುವವರಿಗೆ ಅದು ಅನುಕೂಲ.

---

ಬೆಟಗೇರಿ_ರೋಡ್

ಮಾರೂ ಮಾತು ಬಿಡ್ರಿ ಸರ 😄 ಥರ್ಮೋಸ್ಟಾಟ್ ಮಾತು ಒಪ್ಪಿದೆ. ಆದ್ರ ಸಪ್ಪಳ ನಿಂತಿತಲ್ಲ ಅಂತ ಎಷ್ಟೋ ಮಿಸ್ತ್ರಿಗಳು ಇದನ್ನs ಹೇಳ್ತಾರ.

---

ಅಣ್ಣಿಗೇರಿ_ಎರಿಮಣ್ಣು

ಒಂದು ಮಾತು ಯಾರೂ ಕೇಳಲಿಲ್ಲ. ನೀವು ಬಿಚ್ಚಿದ ಬೋಲ್ಟು ಇಂಜಿನ್ ಚೇಂಬರಿಂದs ಹೌದಾ? ಮೊದಲ ಸಲ ಕೆಳಗ ಮಲಗಿದವರು ಗೇರ್‌ಬಾಕ್ಸಿನ ಡ್ರೇನ್ ಬಿಚ್ಚಿ, ಆ ಆಯಿಲ್ ಇಳಿಸಿ, ಮ್ಯಾಲಿಂದ ಇಂಜಿನ್‌ಗೆ ಹೊಸಾದು ಸುರದಿದ್ದು ಎಷ್ಟೋ ಐತಿ. ಇಂಜಿನ್‌ನ್ಯಾಗ ಡಬಲ್, ಗೇರ್‌ಬಾಕ್ಸ್ ಖಾಲಿ. ಅದು ಮೊದಲ ಸುಂಯ್ ಅಂತೈತಿ, ಆಮ್ಯಾಲ ಗರಗರ, ಆಮ್ಯಾಲ ಬೇರಿಂಗ್ ಹೋತು.

ಗುರುತು ಹಿಡಿಯೂದು ಸರಳ. ಇಳಿದ ಆಯಿಲ್ ಕರ್ರಗ ತೆಳ್ಳಗ ಇತ್ತಂದ್ರ ಇಂಜಿನ್‌ದು. ಜೇನಿನ ಬಣ್ಣ, ಗಂಧಕದ ನಾತ ಇತ್ತಂದ್ರ ಗೇರ್‌ಬಾಕ್ಸಿಂದು. ಇಂಜಿನ್ ಚಾಲೂ ಇಟ್ಟು ನ್ಯೂಟ್ರಲ್‌ನ್ಯಾಗ ಕ್ಲಚ್ ಒತ್ರಿ, ಬಿಡ್ರಿ. ಒತ್ತಿದಾಗ ಸಪ್ಪಳ ಹೋಗಿ ಬಿಟ್ಟಾಗ ಬಂದ್ರ ಗೇರ್‌ಬಾಕ್ಸ್ ಒಳಗಿಂದು. ಒತ್ತಿದಾಗಷ್ಟ ಬಂದ್ರ ಕ್ಲಚ್ ಬೇರಿಂಗ್. ಎರಡರಾಗೂ ಫರಕ್ ಇಲ್ಲಂದ್ರ ಇಂಜಿನ್ ಕಡೆ ನೋಡ್ರಿ. ನಿಮ್ಮ ವರ್ಣನಿ ನೋಡಿದರ ಇದು ಅಲ್ಲ ಅನಸ್ತೈತಿ, ಆದರೂ ಡಿಪ್‌ಸ್ಟಿಕ್ ನೋಡುವಾಗ ಲೆವೆಲ್ ಎರಡ ಮೂರ ಇಂಚು ಮ್ಯಾಲ ಇತ್ತಂದ್ರ ಸೆಲ್ಫ್ ಹೊಡೀಬ್ಯಾಡ್ರಿ.

---

ರಾಣೇಬೆನ್ನೂರು_100ಸಿಸಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದು 100 ಸಿಸಿ ಬೈಕು. ಕಾರಿನ ಉಳಿದ ಆಯಿಲ್ ಇತ್ತು, 5ಡಬ್ಲ್ಯೂ-30, ಅದನ್ನೇ ಹಾಕಿದೆ. ಇಂಜಿನ್ ಕಟಕಟ ಅನ್ನುತ್ತೆ, ಏರಿನಲ್ಲಿ ರೇಸ್ ಏರುತ್ತೆ, ಗಾಡಿ ಏರಲ್ಲ. ಟ್ಯಾಪೆಟ್ ಹಾಕಿಸಲಾ?

---

ಪಾನಾಪೆಟ್ಟಿಗೆ

ಟ್ಯಾಪೆಟ್ ಅಲ್ಲ ತಮ್ಮಾ, ಆಯಿಲ್ ಇಳಸು ಮೊದಲ. ಬೈಕಿನ ಕ್ಲಚ್ ಪ್ಲೇಟು ಆ ಆಯಿಲ್‌ನ್ಯಾಗs ಮುಳಗಿರತಾವ. ಕಾರಿನ ತೆಳು ಆಯಿಲ್‌ನ್ಯಾಗ ತಿಕ್ಕಾಟ ಕಡಿಮಿ ಮಾಡೂ ಔಷಧ ಹಾಕಿರತಾರ, ಅದು ಪ್ಲೇಟಿಗೆ ಹತ್ತಿ ಜಾರತೈತಿ. ರೇಸ್ ಏರಿ ಗಾಡಿ ಏರದಿದ್ದರ ಅದs. ಡಬ್ಬಿ ಮ್ಯಾಲ ಜಾಸೋ ಎಂಎ ಇಲ್ಲಾ ಎಂಎ2 (ಬೈಕಿನ ಕ್ಲಚ್ಚಿಗೆ ಹೊಂದೂ ಆಯಿಲಿನ ಗುರುತು) ಅಂತ ಬರದದ್ದು, ಗಾಡಿ ಪುಸ್ತಕದಾಗ ಹೇಳಿದ ಗ್ರೇಡ್ ಹಾಕು. ಒಂದೆರಡು ದಿನ ಓಡಿಸು. ಆಮ್ಯಾಲೂ ಜಾರಿದರ ಪ್ಲೇಟ್ ನೋಡಬೇಕು. ಕಟಕಟ ಆಮ್ಯಾಲೂ ಉಳಿದರ ಇಂಜಿನ್ ತಣ್ಣಗಿದ್ದಾಗ ಫೀಲರ್ ಗೇಜ್ ಹಿಡದು ಟ್ಯಾಪೆಟ್ ಹಾಕಸು, ಬಿಸಿ ಇಂಜಿನ್‌ಗೆ ಕಿವಿ ಕೊಟ್ಟು ಹಾಕೂದು ಬ್ಯಾಡ. ಭಾಳ ಬಿಗಿ ಆದ್ರ ಸಪ್ಪಳ ಹೋಗತೈತಿ, ವಾಲ್ವ್ ಸುಟ್ಟು ಹೋಗತೈತಿ.

---

ನವನಗರ_ಸ್ವಿಫ್ಟ್

ಎಲ್ಲರಿಗೂ ಧನ್ಯವಾದ. ಇಳಿದ ಆಯಿಲ್ ಕರ್ರಗೇ ಇತ್ತು, ಚೇಂಬರ್ ಬೋಲ್ಟೇ ಹೌದು. ಕ್ಲಚ್ ಒತ್ತಿದರೂ ಬಿಟ್ಟರೂ ವ್ಯತ್ಯಾಸ ಇಲ್ಲ. ಲೆವೆಲ್ ಮೇಲಿನ ಗುರುತಿಗಿಂತ ಒಂದು ಬೆರಳ ಅಗಲ ಮೇಲಿದೆ. ತೆಗೆಯುತ್ತೇನೆ. ಒಂದು ಪ್ರಶ್ನೆ: ಯಾವ ಸಪ್ಪಳ ಬಂದರೆ ಅಲ್ಲೇ ನಿಲ್ಲಿಸಬೇಕು, ಯಾವುದಕ್ಕೆ ಮನೆ ಮುಟ್ಟುವವರೆಗೆ ಓಡಿಸಬಹುದು? ಗದಗ ರಸ್ತೆಯಲ್ಲಿ ನಡುವೆ ನಿಂತರೆ ಕಷ್ಟ.

---

ಸಪ್ತಾಪುರ_ಟಾರ್ಕ್

ಇದನ್ನು ಕೇಳಿದ್ದು ಒಳ್ಳೆಯದಾಯಿತು.

ಕೆಂಪು ಆಯಿಲ್ ದೀಪ ಓಡುವಾಗ ಹತ್ತಿದರೆ, ತಿರುವಿನಲ್ಲಿ ಒಂದು ಕ್ಷಣ ಮಿನುಗಿದರೂ ಸರಿ, ಬದಿಗೆ ತಂದು ಬಂದ್ ಮಾಡಿ. "ಅಣ್ಣಿಗೇರಿವರೆಗೆ ಹೋಗಿ ನೋಡೋಣ" ಬೇಡ. ಒತ್ತಡ ಇಲ್ಲದೆ ಕ್ರ್ಯಾಂಕ್ ಬೇರಿಂಗ್ ಹಾಳಾಗಲು ನಿಮಿಷಗಳು ಸಾಕು. ದೀಪ ಆರಿದೆ ಎಂದ ಮಾತ್ರಕ್ಕೆ ಎಲ್ಲ ಸರಿ ಎಂದೂ ಅಲ್ಲ. ಆ ಸ್ವಿಚ್ ಬಹಳ ಕಡಿಮೆ ಒತ್ತಡಕ್ಕೇ ಆರಿಬಿಡುತ್ತದೆ. ಸಂಶಯ ಇದ್ದರೆ ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿ, ಬಿಸಿ ಇಂಜಿನ್‌ನಲ್ಲಿ ನೋಡಬೇಕು. ಸರ್ವಿಸ್ ಪುಸ್ತಕದ ಅಂಕಿ ಕೈಯಲ್ಲಿ ಇಲ್ಲದಾಗ ಗ್ಯಾರೇಜಿನವರು ಹಿಡಿಯುವ ಲೆಕ್ಕ, ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ.

ಸಪ್ಪಳದ ವೇಗವನ್ನೂ ಗಮನಿಸಿ. ಐಡಲ್ 750 ಅಂತ ಇಟ್ಟುಕೊಳ್ಳಿ. ಕ್ರ್ಯಾಂಕ್ ಸೆಕೆಂಡಿಗೆ ಹನ್ನೆರಡೂವರೆ ಸುತ್ತು, ಕ್ಯಾಮ್ ಅದರ ಅರ್ಧ. ಒಂದು ಟ್ಯಾಪೆಟ್ ಸಡಿಲಾಗಿದ್ದರೆ ಸೆಕೆಂಡಿಗೆ ಆರು ಚಿಲ್ಲರೆ ಟಕ್. ಕಿವಿಯಲ್ಲಿ ಎಣಿಸಲು ಆಗುವುದಿಲ್ಲ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕಾಲು ವೇಗದಲ್ಲಿ ಕೇಳಿ, ಎಣಿಕೆ ಸಿಗುತ್ತದೆ. ಮೇಲಿನಿಂದ ಬರುವ ಹಗುರ, ಚುರುಕಾದ ಟಿಕ್‌ಟಿಕ್ ಸದಾ ಒಂದೇ ಥರ ಇದ್ದರೆ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ), ಅದು ಇರಬೇಕಾದ್ದೇ. ಆಯಿಲ್ ಬದಲಿಸಿದ ದಿನ ಬಾನೆಟ್ ಎತ್ತಿ ಕಿವಿಗೊಡುವುದರಿಂದ ಮೊದಲ ಸಲ ಕೇಳಿಸುತ್ತದೆ ಅಷ್ಟೇ. ತಣ್ಣಗಿದ್ದಾಗ ಟಪ್‌ಟಪ್ ಬಂದು ಬಿಸಿಯಾದಂತೆ ಹೋದರೆ ಎಕ್ಸಾಸ್ಟ್ ಜೋಡಣೆಯಲ್ಲಿ ಸೋರಿಕೆ. ಕೆಳಗಿನಿಂದ, ಭಾರ ಬಿದ್ದಾಗ, ಬಿಸಿಯಾದ ಮೇಲೆ ಜೋರಾಗುವ ದಪ್ಪ ಡಬಡಬ ಇದ್ದರೆ ಕನೆಕ್ಟಿಂಗ್ ರಾಡ್ ಬೇರಿಂಗ್. ಅಲ್ಲಿಗೆ ಟೋಯಿಂಗ್ ಗಾಡಿ ಕರೆಸುವುದೇ ಅಗ್ಗ.

ಅದನ್ನು ಖಚಿತ ಮಾಡಲು ಐಡಲ್‌ನಲ್ಲಿ ಒಂದೊಂದೇ ಇಂಜೆಕ್ಟರ್‌ನ ವೈರ್ ಪ್ಲಗ್ ತೆಗೆದು ನೋಡುತ್ತಾರೆ. ಆ ಸಿಲಿಂಡರ್ ಸುಮ್ಮನಾದಾಗ ಡಬಡಬ ಕುಗ್ಗಿದರೆ ತೊಂದರೆ ಅಲ್ಲೇ. ಕಿಡಿ ಕೊಡುವ ಕಾಯಿಲ್‌ನ ಪ್ಲಗ್ ತೆಗೆಯಬಾರದು, ಸುಡದ ಪೆಟ್ರೋಲ್ ಸೈಲೆನ್ಸರ್‌ನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಕೆಡಿಸುತ್ತದೆ. ಇಂಜೆಕ್ಟರ್ ಪ್ಲಗ್ ತೆಗೆದಾಗ ಚೆಕ್ ಇಂಜಿನ್ ದೀಪ ಹತ್ತುತ್ತದೆ, ಆಮೇಲೆ ಅಳಿಸಿಕೊಳ್ಳಬಹುದು.

ಮನೆಯಲ್ಲಿ ಆಯಿಲ್ ಬದಲಿಸಿದ ಮೇಲೆ ಬರುವ ಇನ್ನೆರಡು ಸಪ್ಪಳ ನಿಮ್ಮ ಪಟ್ಟಿಯಲ್ಲಿಲ್ಲ, ಆದರೂ ಇಲ್ಲಿ ಓದುವವರಿಗೆ ಬೇಕಾದೀತು. ಆಯಿಲ್ ಹಾಕುವ ಮುಚ್ಚಳ ಸರಿ ಕೂರದಿದ್ದರೆ ಅಥವಾ ಡಿಪ್‌ಸ್ಟಿಕ್ ಅರ್ಧ ಮೇಲಿದ್ದರೆ ಗಾಳಿ ಒಳಗೆಳೆದು ಸುಯ್ ಅನ್ನುತ್ತದೆ, ಐಡಲ್ ಏರಿಳಿಯುತ್ತದೆ. ಸುರಿಯುವಾಗ ಬೆಲ್ಟ್ ಮೇಲೆ ಆಯಿಲ್ ಬಿದ್ದರೆ ಚೀಂಯ್ ಅಂತ ಚೀರುತ್ತದೆ. ಬೆಲ್ಟ್ ಒರೆಸಿ ಪ್ರಯೋಜನವಿಲ್ಲ, ರಬ್ಬರ್ ಆಯಿಲ್ ಕುಡಿದಿರುತ್ತದೆ. ಪುಲ್ಲಿಗಳನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆದು ಹೊಸ ಬೆಲ್ಟ್ ಹಾಕಿ.

ನಿಮ್ಮ ಗಾಡಿಗೆ: ಲೆವೆಲ್ ಇಳಿಸದೆ ಹೆದ್ದಾರಿಗೆ ಹೋಗಬೇಡಿ. ಇಳಿಸಿದ ಮೇಲೆ, ದೀಪದ ತೊಂದರೆ ಇಲ್ಲದಿದ್ದರೆ, ಗದಗ ದೂರವಲ್ಲ.

---

ನವನಗರ_ಸ್ವಿಫ್ಟ್

ಆದದ್ದು ಬರೆಯುತ್ತೇನೆ. ಸಿರಿಂಜಿನಿಂದ 400 ಎಂಎಲ್ ತೆಗೆದ ಮೇಲೆ ಲೆವೆಲ್ ಗುರುತಿಗಿಂತ ಸ್ವಲ್ಪ ಕೆಳಗೆ ಬಂತು. ಕೆಳಗಿನ ಕವರ್‌ನ ಎರಡು ಕ್ಲಿಪ್ ಹಲ್ಲು ಹಿಡಿದಿರಲಿಲ್ಲ, ಮುಷ್ಟಿಯಿಂದ ಬಡಿದಾಗ ಅದೇ ಜರ್ರ್. ಹೊಸ ಕ್ಲಿಪ್ ಹಾಕಿದ ಮೇಲೆ 2000ದ ಸಪ್ಪಳ ಪೂರ್ತಿ ಬಂದ್. ಮುಂಜಾನೆಯ ಖಡಖಡ ಮಾತ್ರ ಹಾಗೇ ಇದೆ. ಅಂದರೆ ಫಿಲ್ಟರ್. ಈಗ ಫಿಲ್ಟರ್ ಬದಲಿಸಲು ಆಯಿಲ್ ಎಲ್ಲ ಮತ್ತೆ ಇಳಿಸಬೇಕಾ?

---

ಪಾನಾಪೆಟ್ಟಿಗೆ

ಬ್ಯಾಡ. ಫಿಲ್ಟರ್ ಬಿಚ್ಚಿದರ ಅದರಾಗಿನ ಆಯಿಲ್, ಜೊತಿಗೆ ಅತ್ತಾಗ ಇತ್ತಾಗ ಸೋರಿದ್ದು, ಎಲ್ಲಾ ಸೇರಿ 200–300 ಎಂಎಲ್ ಹೋಗತೈತಿ. ಚೇಂಬರ್ ಬೋಲ್ಟ್ ಮುಟ್ಟೂದs ಬ್ಯಾಡ. ಇಂಜಿನ್ ತಣ್ಣಗ ಆದ ಮ್ಯಾಲ, ಮುಂಜಾನೆ ಮಾಡ್ರಿ. ರಾತ್ರಿ ಎಲ್ಲಾ ಇಳದು ಫಿಲ್ಟರ್ ಖಾಲಿ ಇದ್ದರ ನಿಮ್ಮ ಸಂಶಯ ಅಲ್ಲೇ ಖರೇ ಆತು. ಒಳ್ಳೆ ಫಿಲ್ಟರ್ ಬಿಚ್ಚಿದಾಗ ಕೈ ತುಂಬ ಆಯಿಲ್ ಸುರೀಬೇಕು.

ಬಿಚ್ಚಿದ ಕೂಡ್ಲೆ ಹಳೇ ಫಿಲ್ಟರಿನ ರಬ್ಬರ್ ರಿಂಗ್ ಅದರ ಜೊತಿಗೆ ಬಂತೇನು ನೋಡ್ರಿ. ಇಂಜಿನ್ ಮೈಗೆ ಅಂಟಿ ಉಳದು, ಅದರ ಮ್ಯಾಲ ಹೊಸಾ ರಿಂಗ್ ಕೂತರ ಚಾಲೂ ಮಾಡಿದ ಸ್ವಲ್ಪ ಹೊತ್ತಿನ್ಯಾಗ ಒತ್ತಡಕ್ಕ ಹೊರಗ ಹಾರಿ ಇಡೀ ಆಯಿಲ್ ರಸ್ತೆ ಮ್ಯಾಲ. ಬೆರಳು ಸುತ್ತ ಆಡಿಸಿ ಖಾತ್ರಿ ಮಾಡ್ರಿ. ಅರವಿಲೆ ಒರಸ್ರಿ, ನೂಲು ಉಳಿಯೂ ಬನಿಯನ್ ವೇಸ್ಟ್ ಬ್ಯಾಡ. ಹೊಸ ರಿಂಗಿಗೆ ಬೆರಳಿಲೆ ಆಯಿಲ್ ಸವರಿ, ಫಿಲ್ಟರಿನ್ಯಾಗ ಅರ್ಧ ಆಯಿಲ್ ತುಂಬ್ರಿ. ಕೈಲೆ ತಿರಗಿಸಿ, ರಬ್ಬರ್ ಮೈಗೆ ತಾಗಿದ ಜಾಗದಿಂದ ಮುಕ್ಕಾಲು ಸುತ್ತು. ಫಿಲ್ಟರಿನ ಮ್ಯಾಲ ಪೆನ್ನಿಲೆ ಗೀಟು ಹೊಡಕೊಂಡ್ರ ಮುಕ್ಕಾಲು ಎಲ್ಲಿಗೆ ಅಂತ ಗೊತ್ತಾಗತೈತಿ. ಸರಪಳಿ ಪಾನಾ ಹಾಕಿ ಬಿಗೀಬ್ಯಾಡ್ರಿ, ಮುಂದಿನ ಸಲ ಬಿಚ್ಚುವಾಗ ಡಬ್ಬಿ ಹರಕೊಂಡ ಬರತೈತಿ.

ಚಾಲೂ ಮಾಡೂಕಿಂತ ಮೊದಲ ಫ್ಯುಯೆಲ್ ಪಂಪಿನ ಫ್ಯೂಸ್ ತಗದು ಐದು ಸೆಕೆಂಡಿನಂಗ ಎರಡ ಸಲ ಸೆಲ್ಫ್ ಹೊಡೀರಿ. ಇಂಜಿನ್ ಹತ್ತೂದಿಲ್ಲ, ಆದ್ರ ಆಯಿಲ್ ಮ್ಯಾಲ ಏರತೈತಿ. ಆಮ್ಯಾಲ ಫ್ಯೂಸ್ ಹಾಕಿ ಚಾಲೂ ಮಾಡ್ರಿ, ರೇಸ್ ಕೊಡಬ್ಯಾಡ್ರಿ. ಎರಡು ನಿಮಿಷ ಬಿಟ್ಟು ಬಂದ್ ಮಾಡಿ ಫಿಲ್ಟರ್ ಸುತ್ತ ಒಣಾ ಕಾಗದ ಹಿಡದು ನೋಡ್ರಿ.

ಡ್ರೇನ್ ಬೋಲ್ಟ್ ಮುಂದಿನ ಸಲಕ್ಕ ಹೇಳತೀನಿ: ಟಾರ್ಕ್ 35 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಇಲ್ಲಂದ್ರ 25 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ 14 ಕಿಲೋ ತೂಕದಷ್ಟು ಜೋರು. ಅಲ್ಯೂಮಿನಿಯಂ ಚೇಂಬರ್ ಇರೋ ಗಾಡ್ಯಾಗ ಪಾನಾಕ್ಕ ಪೈಪ್ ಹಾಕಿ ಜಗ್ಗಿದರ ಚೂಡಿ ಕಿತ್ತು ಕೈಗೆ ಬರತೈತಿ.

---

ಸಪ್ತಾಪುರ_ಟಾರ್ಕ್

ಬಿಚ್ಚಿದ ಫಿಲ್ಟರ್ ಎಸೆಯಬೇಡಿ. ಆಯಿಲ್ ಸೋರಿಸಿ ಊದುವ ಪರೀಕ್ಷೆ ಮಾಡಿ, ಆಮೇಲೆ ಡಬ್ಬಿಯ ಅಂಚು ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಹ್ಯಾಕ್ಸಾ ಬಳಸಿದರೆ ಅದರ ಪುಡಿಯೇ ಕಾಗದಕ್ಕೆ ಬಿದ್ದು ದಾರಿ ತಪ್ಪಿಸುತ್ತದೆ, ಅಂಚನ್ನು ಅರದಿಂದ ಉಜ್ಜಿ ತೆಗೆಯುವುದು ಮೇಲು, ಫಿಲ್ಟರ್ ಕಟ್ಟರ್ ಇದ್ದರೆ ಇನ್ನೂ ಒಳ್ಳೆಯದು. ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದರೆ ಮಿನುಗುವ ಚೂರು ಇದ್ದರೆ ಕಾಣುತ್ತದೆ. ಅಯಸ್ಕಾಂತಕ್ಕೆ ಅಂಟುವ ನುಣುಪಾದ ಬೂದಿಯಂಥದ್ದು ಸ್ವಲ್ಪ ಇದ್ದರೆ ಚಿಂತೆಯಿಲ್ಲ. ಅಂಟದ, ಉಗುರಿಗೆ ಸಿಗುವಷ್ಟು ದೊಡ್ಡ ಚೂರು ಇದ್ದರೆ ಬೇರಿಂಗ್ ಸವೆದಿದೆ.

ಇಳಿಸಿದ ಹಳೇ ಆಯಿಲ್ ಗಟಾರಕ್ಕೆ ಬೇಡ, ಉಣಕಲ್ ನಾಲಾಕ್ಕಂತೂ ಬೇಡವೇ ಬೇಡ. ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಅವರಲ್ಲಿಂದ ಸಂಗ್ರಹ ಮಾಡುವವರು ಒಯ್ಯುತ್ತಾರೆ.

---

ನವನಗರ_ಸ್ವಿಫ್ಟ್

ಕಂಪನಿ ಫಿಲ್ಟರ್ ತಂದು, ಅಂಗಡಿಯಲ್ಲೇ ಊದಿ ನೋಡಿ ಹಾಕಿದೆ. ಹಳೆಯದನ್ನು ಬಿಚ್ಚಿದಾಗ ನಾಲ್ಕು ಚಮಚೆಯೂ ಇಳಿಯಲಿಲ್ಲ, ಊದಿದರೆ ಗಾಳಿ ಸುತ್ತಲ ತೂತುಗಳಿಂದ ಸೀದಾ ಬಂತು. ಕತ್ತರಿಸಿದಾಗ ರಬ್ಬರ್ ಬಿಲ್ಲೆ ಒಂದು ಬದಿಗೆ ಮಡಚಿ ಕೂತಿತ್ತು. ಕಾಗದದಲ್ಲಿ ಚೂರು ಇಲ್ಲ. ಈಗ ಮುಂಜಾನೆ ಸೆಲ್ಫ್ ಹೊಡೆದ ಕೂಡಲೇ ಒಂದು ಸಣ್ಣ ಖಟ್, ಅಷ್ಟೇ. ಡಿಪ್‌ಸ್ಟಿಕ್‌ನಲ್ಲಿ ಲೆವೆಲ್ ಎರಡು ಗುರುತಿನ ನಡುವೆ ಇದೆ. ಸಿರಿಂಜಿನಿಂದ ತೆಗೆದ ಆ 400 ಎಂಎಲ್ ಆಯಿಲ್ ನೀರಿನ ಬಾಟಲಿಯಲ್ಲಿಟ್ಟಿದ್ದೇನೆ, ಅದನ್ನೇ ಟಾಪ್ ಅಪ್ ಮಾಡಲಾ?

---

ಪಾನಾಪೆಟ್ಟಿಗೆ

ಬಾಟಲಿ ಒಣಗಿತ್ತಂದ್ರ ಮಾಡ್ರಿ. ನೀರಿನ ಹನಿ ಇತ್ತು ಅನ್ನೂ ಸಂಶಯ ಸ್ವಲ್ಪ ಇದ್ದರೂ ಬ್ಯಾಡ, ಬಾಗಲಾ ಕೀಲಿ, ಕಬ್ಬಿಣ ಗೇಟಿಗೆ ಇಟಗೋರಿ. ಹಾಕೂದಾದ್ರ ಅಡಗಿ ಮನಿ ಟೀ ಜರಡಿ ಅಲ್ಲ, ಶುದ್ಧ ನೈಲಾನ್ ಅರವಿಲೆ ಸೋಸಿ 100 ಎಂಎಲ್ ಹಾಕ್ರಿ, ಹತ್ತು ನಿಮಿಷ ಬಿಟ್ಟು ನೋಡಿ ಮತ್ತ 100. ಮ್ಯಾಲಿನ ಗುರುತಿಗೆ ಮುಟ್ಟಿಸೂ ಹಟ ಬ್ಯಾಡ, ಮುಕ್ಕಾಲಿಗೆ ಇದ್ದರ ಸಾಕು. ಗದಗಿನಿಂದ ಬಂದ ಮ್ಯಾಲ ಒಮ್ಮೆ ಕವರಿನ ಕ್ಲಿಪ್ಪೂ ಫಿಲ್ಟರ್ ಸುತ್ತಾನೂ ನೋಡಿಬಿಡ್ರಿ.